ಬಾಲ್ಯಸ್ಥೌಲ್ಯ ಮತ್ತು ಆನುವಂಶಿಕ ಭೇದಗಳು

ವಯಸ್ಸಿಗೂ ಎತ್ತರಕ್ಕೂ ಉಚಿತವಾದ ಪ್ರಮಾಣವನ್ನು ಮೀರಿ ಮಗುವಿನ ದೇಹದಲ್ಲಿ ಮೇದಸ್ಸು ಸಂಚಯಗೊಂಡು, ಅದರ ಆರೋಗ್ಯಕ್ಕೆ ಇಂದೋ ಮುಂದೋ ಬಾಧಕವಾಗಬಹುದಾದ ಸ್ಥಿತಿಗೆ ಬಾಲ್ಯಸ್ಥೌಲ್ಯವೆಂದು ಹೆಸರು. ಆಡುಮಾತಿನಲ್ಲಿ ಇದು ಮಕ್ಕಳ ಬೊಜ್ಜು. ಕಿಲೋಗ್ರಾಂಗಳಲ್ಲಿ ತೂಗಿದ ತೂಕವನ್ನು ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ದೇಹರಾಶಿ ಸೂಚ್ಯಂಕವೇ ವಯಸ್ಕರಲ್ಲಿ ಇದರ ಅಳತೆಗೋಲು. ಬೆಳೆಯುವ ಮಗುವಿನಲ್ಲಾದರೋ ಈ ಸೂಚ್ಯಂಕ ವರ್ಷದಿಂದ ವರ್ಷಕ್ಕೆ ಸಹಜವಾಗಿಯೇ ಏರಿಳಿಯುವುದರಿಂದ, ಒಂದೇ ಅಂಕವನ್ನು ಎಲ್ಲ ವಯಸ್ಸಿನವರಿಗೂ ಅನ್ವಯಿಸಲಾಗದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು 5 ರಿಂದ 18 ವರ್ಷದವರಿಗಾಗಿ 2015ರಲ್ಲಿ ಪ್ರಕಟಿಸಿದ ಬೆಳವಣಿಗೆಯ ನಕ್ಷೆಗಳು, ಪ್ರಾಯ ತುಂಬಿದಾಗ 23ನ್ನು ಹೋಗಿ ಮುಟ್ಟುವ ರೇಖೆಯನ್ನು ಅಧಿಕ ತೂಕದ ಗಡಿಯೆಂದೂ 27ನ್ನು ಮುಟ್ಟುವ ರೇಖೆಯನ್ನು ಸ್ಥೌಲ್ಯದ ಗಡಿಯೆಂದೂ ಸ್ವೀಕರಿಸಿವೆ. ಐರೋಪ್ಯರಿಗೆ ಈ ಗಡಿಗಳು 25 ಮತ್ತು 30. ನಮ್ಮ ಗಡಿಗಳನ್ನು ಹೀಗೆ ತಗ್ಗಿಸಬೇಕಾಗಿ ಬಂದುದಕ್ಕೆ ಕಾರಣ, ಅಷ್ಟೇ ತೂಕದ ಐರೋಪ್ಯನಿಗಿಂತ ಭಾರತೀಯನ ದೇಹದಲ್ಲಿ ಮಾಂಸಖಂಡ ಕಡಿಮೆಯಾಗಿಯೂ ಮೇದಸ್ಸು ಹೆಚ್ಚಾಗಿಯೂ ಇರುವುದು. ಈ ವ್ಯತ್ಯಾಸ ರಕ್ತದಲ್ಲಿ ಬಂದುದೋ, ಗರ್ಭದಲ್ಲಿ ಬಂದುದೋ, ಅನ್ನದಲ್ಲಿ ಬಂದುದೋ ಎಂಬುದೇ ಪ್ರಸ್ತುತ ವಿಷಯದ ತಿರುಳು.

ಶಿವಮೊಗ್ಗ ಜಿಲ್ಲೆಯ ಉತ್ತರದ ಅಂಚಿನಲ್ಲಿ ಒಂದಕ್ಕೊಂದು ತಗುಲಿಕೊಂಡಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಮಾಡುವುದರಲ್ಲಿ ಒಂದು ಔಚಿತ್ಯವುಂಟು. ದಂಡಾವತಿಯ ಸೀಮೆಯಾದ ಸೊರಬ ಭತ್ತದ ಗದ್ದೆಗಳಿಂದಲೂ ಕೆರೆಗಳಿಂದಲೂ ಅಡಿಕೆ ತೋಟಗಳಿಂದಲೂ ತುಂಬಿದ ಅರೆಮಲೆನಾಡು. ಕುಮುದ್ವತಿಯ ಸೀಮೆಯಾದ ಶಿಕಾರಿಪುರ ಪೂರ್ವಕ್ಕೆ ಸರಿದಂತೆಲ್ಲ ಬಯಲಾಗಿ, ಭತ್ತದ ಜೊತೆಗೆ ಮೆಕ್ಕೆಜೋಳದ ಹೊಲಗಳನ್ನು ಹರಡಿಕೊಂಡಿರುವ ನಾಡು. ಇಂಥ ಕಡೆ ಮಕ್ಕಳ ಆರೋಗ್ಯವೆಂದರೆ ಮೊದಲು ನೆನಪಿಗೆ ಬರುವುದು ಬೊಜ್ಜಲ್ಲ, ಕೃಶತೆ. ಅಂಗನವಾಡಿಯಲ್ಲಿ ಮಗುವನ್ನು ತಕ್ಕಡಿಯ ಜೋಲಿಯಲ್ಲಿ ಕೂರಿಸಿ ತೂಗುವಾಗ, ತೋಳಿಗೆ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿಯನ್ನು ಸುತ್ತುವಾಗ, ಕಾರ್ಯಕರ್ತೆಯ ದೃಷ್ಟಿ ಹುಡುಕುವುದು ತೂಕ ಸಾಲದ ಮಗುವನ್ನು; ಮೈಕೈ ತುಂಬಿಕೊಂಡ ಮಗು ತಕ್ಕಡಿಗೆ ಬಂದರೆ ಎಲ್ಲರಿಗೂ ಸಂತೋಷ, ಮನೆಗೆ ಹೋದ ಮೇಲೆ ಅಜ್ಜಿ ದೃಷ್ಟಿ ತೆಗೆಯುವುದೂ ಉಂಟು. ಕಾರ್ಯಕರ್ತೆಯ ಈ ಎಚ್ಚರಿಕೆ ಅಕಾರಣವಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 33 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಅಧಿಕ ತೂಕದವರು ನೂರಕ್ಕೆ 3.2 ಮಾತ್ರ. ಆದರೂ ಈ ಕೊನೆಯ ಅಂಕ 2015-16ರ ಸಮೀಕ್ಷೆಯಲ್ಲಿ 2.6 ಇದ್ದಿತೆಂಬುದನ್ನೂ, ಗಿಡ್ಡಾದ ಮಗುವೇ ಮುಂದೆ ಸ್ಥೂಲವಾಗುವ ಸಂಭವವಿದೆಯೆಂಬುದನ್ನೂ ಮರೆಯಲಾಗದು.

ಸ್ಥೌಲ್ಯಕ್ಕೆ ಹುಟ್ಟಿನ ಕಾರಣವೂ ಇರಬಹುದೆಂಬ ಅರಿವು ನಮ್ಮವರಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೌಲ್ಯದ ಕಾರಣಗಳನ್ನು ಎಣಿಸುವಾಗ ಅತಿಭೋಜನ, ವ್ಯಾಯಾಮದ ಅಭಾವ, ಹಗಲುನಿದ್ದೆ, ನಿಶ್ಚಿಂತೆ ಮುಂತಾದವುಗಳ ಕೊನೆಗೆ ಬೀಜಸ್ವಭಾವವನ್ನೂ ಹೇಳಿದೆ. ಆಧುನಿಕ ಜೀವವಿಜ್ಞಾನ ಈ ಬೀಜದ ಒಳಗನ್ನು ತೆರೆದು ನೋಡಿತು. ಮಾನವನ ಜೀವಕೋಶದ 23 ಜೊತೆ ವರ್ಣತಂತುಗಳಲ್ಲಿ ಸುಮಾರು ಮುನ್ನೂರು ಕೋಟಿ ಅಕ್ಷರಗಳ ಒಂದು ಲಿಪಿಯಿದ್ದು, ಯಾವ ಇಬ್ಬರನ್ನು ಹೋಲಿಸಿದರೂ ಸಾವಿರಕ್ಕೆ ಸರಿಸುಮಾರು ಒಂದು ಅಕ್ಷರದ ಭೇದ ಕಾಣುತ್ತದೆ. ಬಹುಪಾಲು ಭೇದಗಳು ನಿರುಪದ್ರವಿ. ಕೆಲವು ಮಾತ್ರ ಹಸಿವು, ತೃಪ್ತಿ, ಮೇದಸ್ಸಿನ ಶೇಖರಣೆ ಮತ್ತು ದಹನಗಳನ್ನು ಅಷ್ಟಿಷ್ಟು ಅತ್ತಿತ್ತ ಸರಿಸುತ್ತವೆ. ಅತಿ ವಿರಳವಾದ ಕೆಲವು ಈ ವ್ಯವಸ್ಥೆಯನ್ನೇ ಮುರಿದುಹಾಕುತ್ತವೆ.

ಮನೆಯ ಊಟವೂ ಮನೆತನದ ರಕ್ತವೂ ಒಟ್ಟಿಗೇ ಬರುವುದರಿಂದ ಇವೆರಡನ್ನು ಬೇರ್ಪಡಿಸಿ ನೋಡುವುದು ದುಷ್ಕರ. ಇದಕ್ಕೆ ವಿದ್ವಾಂಸರು ಕಂಡುಕೊಂಡ ಉಪಾಯಗಳು ಎರಡು: ದತ್ತು ಮಕ್ಕಳು ಮತ್ತು ಅವಳಿ ಮಕ್ಕಳು. ಡೆನ್ಮಾರ್ಕಿನ 540 ಮಂದಿ ದತ್ತಕರನ್ನು ಪರಿಶೀಲಿಸಿ ಸ್ಟಂಕರ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಲೇಖನ, ಪ್ರಾಯಕ್ಕೆ ಬಂದ ದತ್ತಕರ ಮೈಕಟ್ಟು ಹೆತ್ತವರದನ್ನು ಹೋಲುತ್ತದೆಯೇ ಹೊರತು ಸಾಕಿದವರದನ್ನಲ್ಲವೆಂದು ತೋರಿಸಿತು. ಬ್ರಿಟನ್ನಿನ 8 ರಿಂದ 11 ವರ್ಷದ 5,092 ಅವಳಿ ಜೊತೆಗಳ ಮೇಲೆ ಜೇನ್ ವಾರ್ಡಲ್ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳ ದೇಹರಾಶಿ ಸೂಚ್ಯಂಕದ ವ್ಯತ್ಯಾಸದಲ್ಲಿ ನೂರಕ್ಕೆ 77 ಪಾಲು ಆನುವಂಶಿಕ ಭೇದಗಳಿಗೆ ಸಲ್ಲುತ್ತದೆಂದು ಕಂಡುಬಂದಿತು. ಈ ಅಂಕವನ್ನು ಓದುವಾಗ ವಿವೇಚನೆ ಅಗತ್ಯ. ಒಂದು ಮಗುವಿನ ಬೊಜ್ಜಿನಲ್ಲಿ ಮುಕ್ಕಾಲು ಪಾಲು ವಂಶದ್ದು, ಕಾಲು ಪಾಲು ಊಟದ್ದು ಎಂದು ಇದರ ಅರ್ಥವಲ್ಲ. ಒಂದೇ ಬಗೆಯ ಪರಿಸರದಲ್ಲಿ ಬೆಳೆಯುವ ಮಕ್ಕಳ ನಡುವಣ ಅಂತರಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ಎಲ್ಲ ಗದ್ದೆಗೂ ಸಮನಾಗಿ ನೀರು ಗೊಬ್ಬರ ದೊರೆತ ಊರಿನಲ್ಲಿ ಇಳುವರಿಯ ಭೇದವೆಲ್ಲ ಬೀಜದ್ದೇ ಆಗಿ ತೋರುತ್ತದೆ. ಅದೇ ಬೀಜಗಳನ್ನು ಬೈಲುಗದ್ದೆಗೂ ಮಕ್ಕಿಗದ್ದೆಗೂ ಹಂಚಿ ಬಿತ್ತಿದಲ್ಲಿ ಲೆಕ್ಕವೇ ಬೇರೆಯಾಗುತ್ತದೆ.

ವಿರಳವಾದರೂ ಅತ್ಯಂತ ನಿಚ್ಚಳವಾದ ಪ್ರಮಾಣ ದೊರೆತದ್ದು ಒಂದೇ ಜೀನಿನ ದೋಷದಿಂದ ಬರುವ ಏಕಜೀನ್ ಸ್ಥೌಲ್ಯದಿಂದ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್ಮನ್ ಮತ್ತು ಸಂಗಡಿಗರು ಅತಿಸ್ಥೂಲವಾದ ಒಂದು ತಳಿಯ ಇಲಿಗಳಲ್ಲಿ ಕೆಟ್ಟಿದ್ದ ಜೀನನ್ನು ಪತ್ತೆಹಚ್ಚಿದರು. ಅದು ನಿರ್ಮಿಸುವ ಹಾರ್ಮೋನಿಗೆ ಲೆಪ್ಟಿನ್ ಎಂಬ ಹೆಸರಾಯಿತು. ಮೇದಸ್ಸಿನ ಕೋಶಗಳೇ ಸ್ರವಿಸುವ ಈ ಹಾರ್ಮೋನು ದೇಹದಲ್ಲಿ ದಾಸ್ತಾನು ಸಾಕಷ್ಟಿದೆಯೆಂಬ ಸುದ್ದಿಯನ್ನು ಮಿದುಳಿನ ಹೈಪೊಥಲಾಮಸ್ ಭಾಗಕ್ಕೆ ಮುಟ್ಟಿಸುತ್ತದೆ; ಸುದ್ದಿ ಬರದಿದ್ದರೆ ಮಿದುಳು ದೇಹವನ್ನು ಉಪವಾಸಬಿದ್ದುದೆಂದೇ ಭಾವಿಸಿ ಹಸಿವನ್ನು ಕೆರಳಿಸುತ್ತಲೇ ಇರುತ್ತದೆ. ಮೂರು ವರ್ಷಗಳ ತರುವಾಯ, 1997ರಲ್ಲಿ, ಕೇಂಬ್ರಿಜಿನ ಸ್ಟೀಫನ್ ಓ'ರಾಹಿಲಿ ಮತ್ತು ಸದಫ್ ಫಾರೂಕಿಯವರ ತಂಡ ಇದೇ ದೋಷವನ್ನು ಮಾನವರಲ್ಲಿ ಕಂಡಿತು. ಪಾಕಿಸ್ತಾನಿ ಮೂಲದ, ರಕ್ತಸಂಬಂಧದಲ್ಲೇ ವಿವಾಹಗಳು ನಡೆದುಬಂದಿದ್ದ ಒಂದೇ ಮನೆತನದ ಇಬ್ಬರು ಮಕ್ಕಳು: ಎಂಟು ವರ್ಷದ ಬಾಲಿಕೆಯ ತೂಕ 86 ಕಿಲೋಗ್ರಾಂ, ಎರಡು ವರ್ಷದ ಬಾಲಕನದು 29 ಕಿಲೋಗ್ರಾಂ. ಹುಟ್ಟುವಾಗ ಇಬ್ಬರೂ ಸಾಧಾರಣ ತೂಕದವರೇ. ಕೆಲವೇ ತಿಂಗಳಲ್ಲಿ ಯಾವ ಊಟಕ್ಕೂ ತಣಿಯದ ಹಸಿವು ಅವರನ್ನು ಹಿಡಿದಿತ್ತು. ಲೆಪ್ಟಿನ್ ಜೀನಿನ ಎರಡೂ ಪ್ರತಿಗಳಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋದುದು ಇಷ್ಟಕ್ಕೂ ಕಾರಣ. ಆ ಬಾಲಿಕೆಗೆ ಒಂಬತ್ತನೆಯ ವಯಸ್ಸಿನಲ್ಲಿ ದಿನಕ್ಕೊಂದು ಲೆಪ್ಟಿನ್ ಚುಚ್ಚುಮದ್ದು ಪ್ರಾರಂಭಿಸಲು ಹನ್ನೆರಡು ತಿಂಗಳಲ್ಲಿ 16.4 ಕಿಲೋಗ್ರಾಂ ತೂಕ ಇಳಿಯಿತು. ಊಟದ ಹೊತ್ತಿಗೆ ಇತರ ಮಕ್ಕಳಂತೆ ಸಾಕೆನ್ನುವುದನ್ನು ಅವಳು ಕಲಿತಳು. ತಿಂದೂ ತಿಂದೂ ಹೀಗಾಯಿತೆಂದು ಲೋಕ ಹಳಿಯುತ್ತಿದ್ದ ಮಗು ವಾಸ್ತವವಾಗಿ ಒಂದು ಹಾರ್ಮೋನಿನ ಅಭಾವದಿಂದ ಬಳಲುತ್ತಿತ್ತೆಂಬ ಈ ಸಂಗತಿಯನ್ನು ವೈದ್ಯರಷ್ಟೇ ಅಲ್ಲ, ಮಕ್ಕಳೊಡನೆ ವ್ಯವಹರಿಸುವ ಪ್ರತಿಯೊಬ್ಬರೂ ಅರಿತಿರುವುದು ಲೇಸು.

ಈ ಪ್ರಕರಣ ಕರ್ನಾಟಕಕ್ಕೆ ದೂರದ್ದಲ್ಲ. ಅಕ್ಕನ ಮಗಳನ್ನೋ ಸೋದರಮಾವನ, ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಉಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ಎಚ್. ಬಿಟಲ್ಸ್ ಮೊದಲಾದವರು 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ನಡೆಸಿದ ವಿಸ್ತಾರವಾದ ಪರಿಶೀಲನೆಯಲ್ಲಿ ಸುಮಾರು ಮೂರರಲ್ಲೊಂದು ವಿವಾಹ ರಕ್ತಸಂಬಂಧದೊಳಗೆ ನಡೆದುದೆಂದು ತಿಳಿದುಬಂದಿತು. ಮಾವ ಮತ್ತು ಅಕ್ಕನ ಮಗಳ ವಿವಾಹದಲ್ಲಿ ಹುಟ್ಟುವ ಮಗುವಿಗೆ ಯಾವುದೇ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಸೋದರತ್ತೆ ಸೋದರಮಾವಂದಿರ ಮಕ್ಕಳ ವಿವಾಹದಲ್ಲಿ ಹದಿನಾರರಲ್ಲಿ ಒಂದು. ಶಿಕಾರಿಪುರ, ಸೊರಬಗಳಲ್ಲಿ ಈ ವಿಷಯದಲ್ಲಿ ಎಲ್ಲರ ನಡೆ ಒಂದೇ ಅಲ್ಲ. ತಾಂಡಗಳ ಲಂಬಾಣಿಗರು ಗೋತ್ರನಿಯಮವನ್ನು ಪಾಲಿಸಿದರೆ, ಸೋದರ ಸಂಬಂಧಕ್ಕೆ ಮೊದಲ ಹಕ್ಕು ಕೊಡುವ ಸಮುದಾಯಗಳೂ ಇವೆ. ಬಾಲ್ಯಸ್ಥೌಲ್ಯದ ಬಹುಪಾಲು ಪ್ರಸಂಗಗಳಿಗೆ ಈ ವಾಡಿಕೆ ಕಾರಣವಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು; ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ತಲೆದೋರುವ ಲೆಪ್ಟಿನ್ ಅಭಾವ, ಲೆಪ್ಟಿನ್ ಗ್ರಾಹಕದ ದೋಷ, ಹೆಚ್ಚುವರಿ ಬೆರಳು ಮತ್ತು ಕ್ರಮೇಣ ಕುಂದುವ ದೃಷ್ಟಿಯೊಡನೆ ಬರುವ ಬಾರ್ಡೆ-ಬೀಡ್ಲ್ ಲಕ್ಷಣಕೂಟ, ಇವುಗಳ ಸಂಭವವನ್ನು ಮಾತ್ರ ಅದು ಹೆಚ್ಚಿಸುತ್ತದೆ. ತಂದೆಯ ಕಡೆಯಿಂದ ಬರಬೇಕಾದ 15ನೆಯ ವರ್ಣತಂತುವಿನ ಒಂದು ತುಣುಕು ಲೋಪವಾಗುವುದರಿಂದ ಸಾಮಾನ್ಯವಾಗಿ ಉಂಟಾಗುವ ಪ್ರಾಡರ್-ವಿಲ್ಲಿ ಲಕ್ಷಣಕೂಟ ಬೇರೆ ಜಾತಿಯದು. ಶೈಶವದಲ್ಲಿ ಹಾಲುಣ್ಣಲು ಆಗದಷ್ಟು ನಿಶ್ಶಕ್ತವಾಗಿದ್ದ ಮಗು ಮುಂದೆ ಅಡಗದ ಹಸಿವಿಗೆ ಒಳಗಾಗುವುದು ಅದರ ಗುರುತು.

ಕಾರಣವನ್ನು ತಪ್ಪು ಕಡೆ ಹುಡುಕಿದರೆ ಏನಾಗುವುದೆಂಬುದಕ್ಕೆ ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನ ನಿದರ್ಶನವಿದೆ. 1970ರ ದಶಕದ ಮಧ್ಯದಲ್ಲಿ ಅಲ್ಲಿ ಬೆಳಕಿಗೆ ಬಂದ, ಸೊಂಟ ಮೊಣಕಾಲುಗಳ ಕೀಲುಗಳನ್ನು ಕೆಡಿಸಿ ನಡಿಗೆಯನ್ನೇ ಕಸಿಯುವ ವ್ಯಾಧಿಗೆ ಕೀಟನಾಶಕ ಸೇರಿದ ಗದ್ದೆಯ ಏಡಿಗಳ ಭಕ್ಷಣೆಯೇ ಮೂಲವೆಂದು ಮೊದಮೊದಲು ಶಂಕಿಸಲಾಯಿತು. ವಂಶವೃಕ್ಷಗಳನ್ನು ಬರೆದು ಕ್ಷ-ಕಿರಣ ಚಿತ್ರಗಳೊಡನೆ ಹೋಲಿಸಿದ ಮೇಲೆ ಅದು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಅಸ್ಥಿವಿಕಾರವೆಂದು ತಿಳಿಯಿತು. ಅಲ್ಲಿ ಅನ್ನವನ್ನು ದೂರಿದರು, ಕಾರಣ ವಂಶದಲ್ಲಿತ್ತು. ಮಕ್ಕಳ ಬೊಜ್ಜಿನ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದ ತಪ್ಪು, ಎಂದರೆ ವಂಶವನ್ನು ದೂರಿ ಉಳಿದುದನ್ನು ಕೈಬಿಡುವುದು, ಅಷ್ಟೇ ಸುಲಭ.

ಸಾಮಾನ್ಯ ಸ್ಥೌಲ್ಯದಲ್ಲಿ ಪಾತ್ರವಹಿಸುವ ಭೇದಗಳ ಸ್ವಭಾವವೇ ಬೇರೆ. 2007ರಲ್ಲಿ ಬ್ರಿಟನ್ನಿನ ಫ್ರೇಲಿಂಗ್ ಮತ್ತು ಸಂಗಡಿಗರು 38,759 ಐರೋಪ್ಯರ ಮಾಹಿತಿಯನ್ನು ಪರಿಶೀಲಿಸಿ, 16ನೆಯ ವರ್ಣತಂತುವಿನ ಎಫ್‌ಟಿಒ ಎಂಬ ಜೀನಿನೊಳಗಣ ಒಂದು ಭೇದವನ್ನು ಪ್ರಕಟಪಡಿಸಿದರು. ಅದರ ಎರಡು ಪ್ರತಿಗಳನ್ನು ಹೊತ್ತವರು, ಒಂದನ್ನೂ ಹೊರದವರಿಗಿಂತ ಸರಾಸರಿ ಮೂರು ಕಿಲೋಗ್ರಾಂ ಹೆಚ್ಚು ತೂಗುತ್ತಿದ್ದರು. ಏಳನೆಯ ವಯಸ್ಸಿನ ಮಕ್ಕಳಲ್ಲಿಯೇ ಈ ಅಂತರ ತೋರುತ್ತಿತ್ತು. ಸ್ಕಾಟ್ಲೆಂಡಿನ 4 ರಿಂದ 10 ವರ್ಷದ ಮಕ್ಕಳಲ್ಲಿ ನಡೆದ ಇನ್ನೊಂದು ಅಧ್ಯಯನ ಈ ಭೇದವುಳ್ಳವರು ಶಕ್ತಿಯನ್ನು ಕಡಿಮೆ ವ್ಯಯಿಸುವವರಲ್ಲ, ಹೆಚ್ಚು ಶಕ್ತಿಯುತವಾದ ಆಹಾರವನ್ನು ತಿನ್ನುವವರೆಂದು ತಿಳಿಸಿತು. ಕುತೂಹಲದ ಸಂಗತಿಯೆಂದರೆ, ಭೇದವಿರುವುದು ಎಫ್‌ಟಿಒ ಜೀನಿನ ಒಳಗಾದರೂ ಅದು ದೂರದ ಐಆರ್‌ಎಕ್ಸ್3 ಮತ್ತು ಐಆರ್‌ಎಕ್ಸ್5 ಎಂಬ ಜೀನುಗಳನ್ನು ನಿಯಂತ್ರಿಸಿ, ಮೇದಸ್ಸಿನ ಕೋಶ ತನ್ನ ಸಂಗ್ರಹವನ್ನು ಶಾಖವಾಗಿ ಉರಿಸಬೇಕೋ ಹಾಗೆಯೇ ಕೂಡಿಡಬೇಕೋ ಎಂಬುದರಲ್ಲಿ ಕೈಯಾಡಿಸುತ್ತದೆಂದು 2014 ಮತ್ತು 2015ರ ಸಂಶೋಧನೆಗಳು ಸೂಚಿಸಿದವು. ತೃಪ್ತಿಯ ಸಂಕೇತವನ್ನು ಮಿದುಳಿನಲ್ಲಿ ಗ್ರಹಿಸುವ ಎಂಸಿ4ಆರ್ ಜೀನಿನ ನೆರೆಯಲ್ಲಿರುವ ಮತ್ತೊಂದು ಭೇದವನ್ನು 2008ರಲ್ಲಿ ಲಂಡನ್ನಿನ ಭಾರತೀಯ ಮೂಲದವರಲ್ಲಿಯೇ ಸೊಂಟದ ಸುತ್ತಳತೆಯೊಡನೆ ಜೋಡಿಸಿ ತೋರಿಸಲಾಯಿತು. ಐರೋಪ್ಯರಿಗಿಂತ ನಮ್ಮವರಲ್ಲಿ ಅದು ಹೆಚ್ಚು ಸಾಮಾನ್ಯ. 3,126 ಮಂದಿ ನಗರವಾಸಿ ಭಾರತೀಯ ಮಕ್ಕಳ ಮೇಲೆ 2012ರಲ್ಲಿ ಪ್ರಕಟವಾದ ಅಧ್ಯಯನವೂ ಎಫ್‌ಟಿಒ ಭೇದಕ್ಕೂ ಬಾಲ್ಯಸ್ಥೌಲ್ಯಕ್ಕೂ ಸಂಬಂಧವನ್ನು ಕಂಡಿತು. 2018ರ ವೇಳೆಗೆ ದೇಹರಾಶಿ ಸೂಚ್ಯಂಕಕ್ಕೆ ಸಂಬಂಧಿಸಿದ ಭೇದಗಳ ಸಂಖ್ಯೆ ಒಂಬೈನೂರನ್ನು ಮೀರಿತಾದರೂ, ಅವೆಲ್ಲವನ್ನೂ ಕೂಡಿಸಿ ವಿವರಿಸಬಹುದಾದುದು ಜನರ ನಡುವಣ ವ್ಯತ್ಯಾಸದ ಅಲ್ಪಾಂಶವನ್ನು ಮಾತ್ರ. ಅವುಗಳ ಶೋಧಕ್ಕೆ ಆಧಾರವಾದವರೂ ಬಹುಮಟ್ಟಿಗೆ ಐರೋಪ್ಯ ಮೂಲದವರು.

ಕನ್ನಡನಾಡು ಈ ಚರ್ಚೆಗೆ ನೀಡಿದ ಕಾಣಿಕೆ ಮಹತ್ವದ್ದು. ಅದು ಬಂದುದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿಂದ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಿಂದ. 1934ರಿಂದ ಆ ಆಸ್ಪತ್ರೆಯ ದಾದಿಯರು ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ದಾಖಲಿಸುತ್ತ ಬಂದಿದ್ದರು. ಮುಂದೆ ಇದು ಯಾವ ಉಪಯೋಗಕ್ಕೆ ಬಂದೀತೆಂಬ ಕಲ್ಪನೆಯಿಲ್ಲದೆ ಕರ್ತವ್ಯಬುದ್ಧಿಯೊಂದರಿಂದಲೇ ಆ ಕೈಗಳು ಬರೆದಿಟ್ಟ ಅಂಕಗಳು ಅರ್ಧ ಶತಮಾನದ ತರುವಾಯ ಲೋಕದ ವಿಜ್ಞಾನಕ್ಕೆ ಸಾಮಗ್ರಿಯಾದವೆಂಬುದು ಗೌರವದಿಂದ ನೆನೆಯತಕ್ಕ ವಿಷಯ. ಆ ಪುಸ್ತಕಗಳಲ್ಲಿ ಹೆಸರಿದ್ದ 517 ಮಂದಿಯನ್ನು ಅರಸಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ವರದಿಯು, ಹುಟ್ಟುವಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿದ್ದರೆ 3.1 ಕಿಲೋಗ್ರಾಮಿಗೆ ಮೇಲ್ಪಟ್ಟವರಲ್ಲಿ 3 ಮಂದಿಗೆ ಮಾತ್ರ ಇದ್ದಿತೆಂದು ತಿಳಿಸಿತು. ತರುವಾಯ ಜಿ. ವಿ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಮತ್ತು ಅವರ ಸಂಗಡಿಗರು 1997-98ರಲ್ಲಿ ಅದೇ ಆಸ್ಪತ್ರೆಯ 830 ಮಂದಿ ಗರ್ಭಿಣಿಯರನ್ನು ಆಯ್ದುಕೊಂಡು, ಅವರ ಮಕ್ಕಳನ್ನು ಹುಟ್ಟಿನಿಂದ ಅನುಸರಿಸತೊಡಗಿದರು. ಪಾರ್ಥಿನಾನ್ ಅಧ್ಯಯನವೆಂದು ಇದು ಪ್ರಸಿದ್ಧ. ಶಿಶುವಿನ ತೋಳಿನ ಹಿಂಬದಿಯ ಚರ್ಮವನ್ನೂ ಹೆಗಲೆಲುಬಿನ ಕೆಳಗಿನ ಚರ್ಮವನ್ನೂ ಬೆರಳಿನಿಂದ ಮೃದುವಾಗಿ ಎತ್ತಿಹಿಡಿದು, ಆ ಮಡಿಕೆಯ ದಪ್ಪವನ್ನು ಚಿಮಟದಂಥ ಉಪಕರಣದಿಂದ ಅಳೆಯುವುದು ಅವರ ಕ್ರಮಗಳಲ್ಲೊಂದು. ಬಿಳಿಯರ ಶಿಶುಗಳಿಗಿಂತ ಮೈಸೂರಿನ ಶಿಶುಗಳು ತೂಕದಲ್ಲಿಯೂ ಎತ್ತರದಲ್ಲಿಯೂ ಸ್ನಾಯುಗಳಲ್ಲಿಯೂ ಕಿರಿದಾಗಿದ್ದರೂ, ಹೆಗಲ ಕೆಳಗಿನ ಮೇದಸ್ಸು ಮಾತ್ರ ಕುಂದಿರಲಿಲ್ಲ. ಪುಣೆಯಲ್ಲಿ ಚಿತ್ತರಂಜನ್ ಯಾಜ್ಞಿಕರು, ಸರಾಸರಿ 2.7 ಕಿಲೋಗ್ರಾಂ ತೂಕದ ಹಳ್ಳಿಯ ಶಿಶುಗಳನ್ನು ಬ್ರಿಟನ್ನಿನ 3.5 ಕಿಲೋಗ್ರಾಂ ಶಿಶುಗಳೊಡನೆ ಹೋಲಿಸಿ ಇದೇ ನಿರ್ಣಯಕ್ಕೆ ಬಂದಿದ್ದರು. ನೋಡಲು ಬಡಕಲು, ಒಳಗೆ ಕೊಬ್ಬು: ನಮ್ಮ ಮಕ್ಕಳ ದೇಹಪ್ರಕೃತಿ ಇದು.

ಇದನ್ನು ವಂಶಗುಣವೆಂದು ಹೇಳಿ ಮುಗಿಸಬಹುದಿತ್ತು. ಜೇಮ್ಸ್ ನೀಲ್ 1962ರಲ್ಲಿ ಮಂಡಿಸಿದ ಮಿತವ್ಯಯಿ ಜೀನಿನ ವಾದ ಇಂಥ ಸಮಾಧಾನವನ್ನೇ ನೀಡುತ್ತದೆ: ಕ್ಷಾಮಗಳಲ್ಲಿ ಬದುಕಿ ಉಳಿದವರು ಮೇದಸ್ಸನ್ನು ಕೂಡಿಡಬಲ್ಲವರೇ ಆಗಿದ್ದುದರಿಂದ ಅವರ ಸಂತತಿ ಸುಭಿಕ್ಷದಲ್ಲಿ ಸ್ಥೂಲವಾಗುತ್ತದೆ ಎಂಬುದು ಅದರ ಸಾರ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದಲ್ಲಿ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತೆಂದು 1162ರ ಶಾಸನ ಸಾರುವುದನ್ನು ನೋಡಿದರೆ ಹಸಿವು ಈ ನೆಲಕ್ಕೆ ಅಪರಿಚಿತವಾಗಿರಲಿಲ್ಲ. 1876-78ರ ಕ್ಷಾಮವಾದರೋ ಮೈಸೂರು ಸಂಸ್ಥಾನದ ಜನಸಂಖ್ಯೆಯನ್ನು ಸುಮಾರು ಐದನೆಯ ಒಂದು ಭಾಗದಷ್ಟು ತಗ್ಗಿಸಿತು. ಆದರೂ ಈ ವಾದ ಪೂರ್ತಿಯಾಗಿ ಮನಸ್ಸಿಗೆ ಒಪ್ಪುವಂಥದಲ್ಲ. ಮಲೆನಾಡನ್ನು ತಲೆಮಾರುಗಳ ಕಾಲ ಕಾಡಿದುದು ಕ್ಷಾಮಕ್ಕಿಂತ ಮಿಗಿಲಾಗಿ ಮಲೇರಿಯಾ; ಹಾಗಿದ್ದೂ ಅಲ್ಲಿಯವರ ಮೈಕಟ್ಟು ಬಯಲುಸೀಮೆಯವರದಕ್ಕಿಂತ ಬೇರೊಂದು ಜಾತಿಯದಾಗಿಲ್ಲ. 1992ರಲ್ಲಿ ಹೇಲ್ಸ್ ಮತ್ತು ಬಾರ್ಕರ್ ಇದಕ್ಕೆ ಪ್ರತಿಯಾಗಿ, ಮಿತವ್ಯಯವನ್ನು ಕಲಿಸುವುದು ಗರ್ಭವೇ ಎಂದರು: ತಾಯಿಯ ಪೋಷಣೆ ಸಾಲದಾಗ ಭ್ರೂಣವು ಸ್ನಾಯುಗಳ ಖರ್ಚನ್ನು ಹಿಡಿದು, ಮಿದುಳನ್ನೂ ಮೇದಸ್ಸನ್ನೂ ಕಾಪಾಡಿಕೊಳ್ಳುತ್ತದೆ. ಮೈಸೂರಿನ ಸಾಕ್ಷ್ಯ ಈ ಎರಡನೆಯ ಪಕ್ಷಕ್ಕೇ ಹೆಚ್ಚು ಬಲಕೊಡುತ್ತದೆಂದು ತೋರುತ್ತದೆ. ಅಲ್ಲಿ ನೂರಕ್ಕೆ ಸುಮಾರು 6 ಮಂದಿ ತಾಯಂದಿರಿಗೆ ಗರ್ಭಕಾಲದ ಮಧುಮೇಹವಿದ್ದಿತು. ಅವರ ಹೆಣ್ಣುಮಕ್ಕಳು ಐದನೆಯ ವಯಸ್ಸಿಗೇ ಓರಗೆಯವರಿಗಿಂತ ಹೆಚ್ಚು ಮೇದಸ್ಸನ್ನೂ ರಕ್ತದಲ್ಲಿ ಹೆಚ್ಚು ಇನ್ಸುಲಿನ್ನನ್ನೂ ಹೊಂದಿದ್ದರು. ತಂದೆಯ ಮಧುಮೇಹದ ಪರಿಣಾಮ ಅಷ್ಟಿರಲಿಲ್ಲವೆಂಬುದು ಗಮನಾರ್ಹ, ಏಕೆಂದರೆ ಜೀನುಗಳನ್ನು ತಂದೆಯೂ ತಾಯಿಯಷ್ಟೇ ಕೊಡುತ್ತಾನೆ. ನೂರಕ್ಕೆ 43 ಮಂದಿ ಗರ್ಭಿಣಿಯರಲ್ಲಿ ಬಿ12 ಜೀವಸತ್ವದ ಕೊರತೆಯಿದ್ದುದು ಕೂಡ ಅದೇ ಅಧ್ಯಯನದಿಂದ ತಿಳಿಯಿತು. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಗರ್ಭದ ಮೂಲಕ ಇಳಿಯುವ ಈ ದಾಯ, ಹೊರಗಿನಿಂದ ನೋಡುವವರಿಗೆ ವಂಶಗುಣದಂತೆಯೇ ಕಾಣುತ್ತದೆ. ಆದರೆ ವಂಶಗುಣವನ್ನು ಬದಲಿಸಲಾಗದು, ಇದನ್ನು ಬದಲಿಸಬಹುದು.

ಹುಟ್ಟಿನೊಡನೆ ಬಂದ ಒಲವು ಬೊಜ್ಜಾಗಿ ಪರಿಣಮಿಸಬೇಕಾದರೆ ಅವಕಾಶವೂ ಒದಗಬೇಕು. ಆ ಅವಕಾಶವನ್ನು ಎರಡೂ ತಾಲ್ಲೂಕುಗಳು ಈಚೆಗೆ ಧಾರಾಳವಾಗಿ ಒದಗಿಸುತ್ತಿವೆ. ಅಡಿಕೆಗೆ ಬೆಲೆ ಬಂದು ತೋಟಗಳು ಗದ್ದೆಗೆ ಇಳಿದವು. ಟ್ರ್ಯಾಕ್ಟರು, ಟಿಲ್ಲರು, ನಾಟಿ ಯಂತ್ರಗಳು ಮೈಮುರಿಯುವ ದುಡಿಮೆಯನ್ನು ತಗ್ಗಿಸಿದವು. ಗದ್ದೆಯ ಬದುವಿನ ಮೇಲೆ ಶಾಲೆಗೆ ನಡೆಯುತ್ತಿದ್ದ ಮಕ್ಕಳನ್ನು ಶಾಲಾವಾಹನ ಮನೆಯ ಬಾಗಿಲಿನಿಂದ ಕೊಂಡೊಯ್ಯುತ್ತದೆ. ಗಂಜಿಯೂಟ, ಅಕ್ಕಿರೊಟ್ಟಿ, ಸೊಪ್ಪಿನ ಸಾರುಗಳ ಮನೆಯಲ್ಲಿಯೂ ಸಂಜೆಯ ತಿಂಡಿಗೆ ಅಂಗಡಿಯ ಮುಂದೆ ಸರಪಳಿಯಾಗಿ ನೇತಾಡುವ ಐದು ರೂಪಾಯಿಯ ಚಿಪ್ಸ್ ಪೊಟ್ಟಣ ಬಂದಿದೆ. ಗರ್ಭದಲ್ಲಿ ಕೊರತೆಗೆ ಹೊಂದಿಕೊಂಡ ದೇಹಕ್ಕೆ ಈ ಸಮೃದ್ಧಿ ಅಕಸ್ಮಾತ್ತಾಗಿ ಎದುರಾಗುವುದೇ ಆತಂಕದ ಸಂಗತಿ. ಪರಿಹಾರವೂ ಇಲ್ಲಿಯೇ ಇದೆ. 2,18,166 ವಯಸ್ಕರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ದೈಹಿಕ ಚಟುವಟಿಕೆಯುಳ್ಳವರಲ್ಲಿ ಎಫ್‌ಟಿಒ ಭೇದದಿಂದೊದಗುವ ಸ್ಥೌಲ್ಯದ ಅಪಾಯ ನೂರಕ್ಕೆ 27ರಷ್ಟು ತಗ್ಗುವುದನ್ನು ತೋರಿಸಿದೆ. ಶಾಲೆಯ ಆಟದ ಮೈದಾನವನ್ನು ಕಟ್ಟಡಕ್ಕೆ ಬಲಿಗೊಡದಿರುವುದು, ಅಕ್ಷರ ದಾಸೋಹದ ಬಿಸಿಯೂಟಕ್ಕೆ ಬೇಳೆ, ಮೊಟ್ಟೆ, ಸೊಪ್ಪುಗಳನ್ನು ಸಾಕಷ್ಟು ಒದಗಿಸುವುದು, ಗರ್ಭಿಣಿಯರ ಸಕ್ಕರೆಯ ಪರೀಕ್ಷೆ ಮತ್ತು ರಕ್ತಹೀನತೆಯ ಚಿಕಿತ್ಸೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ನಡೆಸುವುದು, ಇವು ಜೀನುಗಳ ಭಾಷೆಯನ್ನು ಅರಿಯದೆಯೂ ಮಾಡಬಹುದಾದ ಕಾರ್ಯಗಳು. ಅಂಗನವಾಡಿಯ ತಕ್ಕಡಿ ತೂಕದ ಜೊತೆಗೆ ಎತ್ತರವನ್ನೂ ಕೇಳಿ, ನಕ್ಷೆಯಲ್ಲಿ ಮೇಲೇರುವ ರೇಖೆಗೂ ಕೆಳಗಿಳಿಯುವ ರೇಖೆಯಷ್ಟೇ ಬೆಲೆಕೊಡಬೇಕಾದ ಕಾಲ ಬಂದಿದೆ.

ಎಲ್ಲ ದಪ್ಪ ಮಕ್ಕಳಿಗೂ ಜೀನ್ ಪರೀಕ್ಷೆ ಮಾಡಿಸುವುದು ಅನಾವಶ್ಯಕ, ವೆಚ್ಚದಾಯಕ. ಸಾಮಾನ್ಯ ಭೇದಗಳ ಪಟ್ಟಿಯನ್ನು ಹಿಡಿದು ಭವಿಷ್ಯ ನುಡಿಯುವ ಖಾಸಗಿ ಪರೀಕ್ಷೆಗಳನ್ನು ನಂಬಿ ಹಣ ಕಳೆದುಕೊಳ್ಳುವುದಂತೂ ಸಲ್ಲದು. ಐದು ವರ್ಷ ತುಂಬುವ ಮುನ್ನವೇ ವಿಪರೀತ ಸ್ಥೌಲ್ಯ, ರಾತ್ರಿಯೂ ಎಬ್ಬಿಸುವ, ಕದ್ದಾದರೂ ತಿನ್ನಿಸುವ ಹಸಿವು, ಬೆಳವಣಿಗೆಯ ಅಥವಾ ಬುದ್ಧಿಯ ಕುಂಠತೆ, ಹೆಚ್ಚುವರಿ ಬೆರಳು, ಮಂದವಾಗುತ್ತಿರುವ ದೃಷ್ಟಿ, ರಕ್ತಸಂಬಂಧದ ತಂದೆತಾಯಿ, ಒಡಹುಟ್ಟಿದವರಲ್ಲಿ ಅದೇ ಲಕ್ಷಣ, ಇವುಗಳಲ್ಲಿ ಕೆಲವಾದರೂ ಕೂಡಿಬಂದ ಮಗುವನ್ನು ಮಾತ್ರ ತಡಮಾಡದೆ ಪರೀಕ್ಷೆಗೆ ಒಳಪಡಿಸತಕ್ಕದ್ದು. ಶಿಕಾರಿಪುರ, ಸೊರಬಗಳವರಿಗೆ ಮೊದಲ ಮೆಟ್ಟಿಲು ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರು. ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆ. ಅಗತ್ಯಬಿದ್ದಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ಆನುವಂಶಿಕತಾ ಕೇಂದ್ರ. ಲೆಪ್ಟಿನ್ ಅಭಾವಕ್ಕೆ ಕೃತಕ ಲೆಪ್ಟಿನ್ ಉಂಟು. ಲೆಪ್ಟಿನ್ ಗ್ರಾಹಕದ ದೋಷಕ್ಕೂ ಅದೇ ಮಾರ್ಗದ ಇತರ ಕೆಲವು ದೋಷಗಳಿಗೂ ಸೆಟ್‌ಮೆಲನೊಟೈಡ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2020ರಲ್ಲಿಯೂ, ಬಾರ್ಡೆ-ಬೀಡ್ಲ್ ಲಕ್ಷಣಕೂಟಕ್ಕೆ 2022ರಲ್ಲಿಯೂ ಅನುಮತಿ ದೊರೆತಿದೆ. ಇವು ಇನ್ನೂ ಸಾಮಾನ್ಯರ ಕೈಗೆಟಕುವ ಬೆಲೆಯವಲ್ಲ. ಆದರೆ ಔಷಧ ಎಟಕದಿದ್ದಾಗಲೂ ರೋಗನಿರ್ಣಯ ನಿಷ್ಪ್ರಯೋಜಕವಲ್ಲ. ಮುಂದಿನ ಗರ್ಭಧಾರಣೆಯಲ್ಲಿ ಸಂಭವವೆಷ್ಟೆಂಬುದನ್ನು ದಂಪತಿಗಳಿಗೆ ತಿಳಿಸಬಹುದು, ಕುಂದುವ ದೃಷ್ಟಿಗೆ ಮುಂಚಿತವಾಗಿ ಶಿಕ್ಷಣವನ್ನು ಹೊಂದಿಸಬಹುದು. ಹಸಿವನ್ನು ತಡೆಯಲಾರದ ಮಗುವನ್ನು ಮನೆಯವರೂ ಮೇಷ್ಟರೂ ಗದರಿಸುವುದು ನಿಲ್ಲುತ್ತದೆ.